ಉಲ್ಲೇಖದ ಋಣ, ಎಣಿಕೆಯ ಬೆಲೆ

ಒಂದು ಸಂಶೋಧನ ಲೇಖನವನ್ನು ಮುಂದೆ ಬಂದ ಎಷ್ಟು ಲೇಖನಗಳು ತಮ್ಮ ಅಡಿಟಿಪ್ಪಣಿಯಲ್ಲೋ ಆಕರಸೂಚಿಯಲ್ಲೋ ಹೆಸರಿಸಿವೆ ಎಂದು ಎಣಿಸಿ, ಆ ಸಂಖ್ಯೆಯಿಂದ ಲೇಖನದ ಪ್ರಭಾವವನ್ನು ಅಳೆಯುವ ಪದ್ಧತಿಗೆ ಉಲ್ಲೇಖ ಗಣನೆ ಎನ್ನಬಹುದು. ಅಧ್ಯಾಪಕರ ನೇಮಕ, ಬಡ್ತಿ, ಯೋಜನೆಗಳಿಗೆ ಸಿಗುವ ಹಣ, ವಿಶ್ವವಿದ್ಯಾಲಯದ ರ‍್ಯಾಂಕು ಎಲ್ಲದರ ಹಿಂದೆಯೂ ಇಂದು ಈ ಸಂಖ್ಯೆಯ ಕೈವಾಡವಿದೆ. ಮೇಲ್ನೋಟಕ್ಕೆ ಇದು ಆಡಳಿತದ ಸಂಗತಿ. ಆದರೆ ಅದರ ಬುಡದಲ್ಲಿರುವುದು ತತ್ವಶಾಸ್ತ್ರದ ಹಳೆಯ ಪ್ರಶ್ನೆ: ಅರಿವಿನ ಮೌಲ್ಯಕ್ಕೆ ಪ್ರಮಾಣ ಯಾವುದು? ಒಬ್ಬರ ಹೆಸರನ್ನು ಇನ್ನೊಬ್ಬರು ಹೇಳಿದರು ಎಂಬುದು ಯಾವುದಕ್ಕೆ ಸಾಕ್ಷಿಯಾಗುತ್ತದೆ, ಯಾವುದಕ್ಕೆ ಆಗುವುದಿಲ್ಲ? ಇದನ್ನು ವಿಚಾರಿಸಲು ಕೊಡಗಿನಲ್ಲಿ ಒಳ್ಳೆಯ ನಿದರ್ಶನವಿದೆ. ಕೊಡವರ ಧರ್ಮಾಚರಣೆಯನ್ನು ಕುರಿತ ಒಂದು ಇಂಗ್ಲಿಷ್ ಪುಸ್ತಕ ಭಾರತೀಯ ಸಮಾಜಶಾಸ್ತ್ರದಲ್ಲಿ ಮತ್ತೆ ಮತ್ತೆ ಉಲ್ಲೇಖಗೊಳ್ಳುವ ಕೃತಿಗಳ ಸಾಲಿನಲ್ಲಿ ನಿಂತಿದೆ. ಅದಕ್ಕೂ ಮೊದಲು ಅದೇ ನೆಲದಲ್ಲಿ, ಅದೇ ಜನರ ಬಾಯಿಂದ ಕೇಳಿ ಬರೆದುಕೊಂಡ ಕೊಡವ ಭಾಷೆಯ ಇನ್ನೊಂದು ಪುಸ್ತಕ ಎಣಿಕೆಯ ಯಂತ್ರಕ್ಕೆ ಸುಲಭವಾಗಿ ಸಿಗುವುದೇ ಇಲ್ಲ.

ಎಣಿಕೆಯ ಚರಿತ್ರೆ ಚಿಕ್ಕದು. ಅಮೆರಿಕದ ವಕೀಲರು 1873ರಿಂದಲೇ ಶೆಪರ್ಡ್ಸ್ ಸೈಟೇಷನ್ಸ್ ಎಂಬ ಸೂಚಿಯನ್ನು ಬಳಸುತ್ತಿದ್ದರು. ಹಳೆಯ ತೀರ್ಪೊಂದನ್ನು ಮುಂದಿನ ಯಾವ ಯಾವ ತೀರ್ಪುಗಳು ಎತ್ತಿಹಿಡಿದಿವೆ, ಯಾವುವು ತಳ್ಳಿಹಾಕಿವೆ ಎಂದು ಅದರಲ್ಲಿ ನೋಡಬಹುದಿತ್ತು. ಅದರಿಂದ ಪ್ರೇರಿತರಾದ ಯೂಜೀನ್ ಗಾರ್‌ಫೀಲ್ಡ್ 1955ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ವಿಜ್ಞಾನಕ್ಕೂ ಇಂಥ ಸೂಚಿ ಬೇಕೆಂದು ವಾದಿಸಿದರು. 1960ರ ದಶಕದ ಮೊದಲರ್ಧದಲ್ಲಿ ಸೈನ್ಸ್ ಸೈಟೇಷನ್ ಇಂಡೆಕ್ಸ್ ಅಚ್ಚಾಗಿ ಬಂತು. ಗಾರ್‌ಫೀಲ್ಡ್ ಅವರಿಗೆ ಮೊದಲು ಬೇಕಿದ್ದುದು ಹುಡುಕಾಟದ ದಾರಿ: ಒಂದು ವಿಚಾರ ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಿತು ಎಂದು ಓದುಗ ಬೆನ್ನುಹತ್ತಿ ಹೋಗುವ ಅನುಕೂಲ. ದಾರಿ ತೋರಲು ನೆಟ್ಟ ಕಲ್ಲುಗಳನ್ನು ಎಣಿಸಿ ಊರಿನ ದೊಡ್ಡಸ್ತಿಕೆಯನ್ನು ಅಳೆಯುವ ಅಭ್ಯಾಸ ಆಮೇಲೆ ಬಂತು. 1970ರ ದಶಕದಲ್ಲಿ, ಪತ್ರಿಕೆಯೊಂದರ ಲೇಖನಗಳು ಸರಾಸರಿ ಎಷ್ಟು ಉಲ್ಲೇಖ ಪಡೆದವು ಎಂದು ಹೇಳುವ ಇಂಪ್ಯಾಕ್ಟ್ ಫ್ಯಾಕ್ಟರ್ ಪ್ರತಿವರ್ಷ ಪ್ರಕಟವಾಗತೊಡಗಿತು. 2004ರಲ್ಲಿ ಸ್ಕೋಪಸ್ ಮತ್ತು ಗೂಗಲ್ ಸ್ಕಾಲರ್ ಎಂಬ ಗಣಕ ಸೂಚಿಗಳು ಬಂದವು. 2005ರಲ್ಲಿ ಭೌತವಿಜ್ಞಾನಿ ಹಾರ್ಹೆ ಹಿರ್ಶ್ ಎಚ್-ಇಂಡೆಕ್ಸ್ ಸೂಚಿಸಿದರು. ಒಬ್ಬ ಸಂಶೋಧಕನ 20 ಲೇಖನಗಳು ತಲಾ 20 ಸಲವಾದರೂ ಉಲ್ಲೇಖಗೊಂಡಿದ್ದರೆ ಅವನ ಎಚ್-ಇಂಡೆಕ್ಸ್ 20. ಒಂದು ಜೀವಮಾನದ ದುಡಿಮೆ ಎರಡಂಕಿಯಲ್ಲಿ ಮುಗಿಯಿತು. ಭಾರತದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ 2010ರ ನಿಯಮಗಳಲ್ಲಿ ಪ್ರಕಟಣೆಗೆ ಅಂಕ ಕೊಡುವ ಪದ್ಧತಿ ತಂದಿತು. 2016ರಲ್ಲಿ ಮೊದಲ ಪಟ್ಟಿ ಹೊರಬಂದ ರಾಷ್ಟ್ರೀಯ ರ‍್ಯಾಂಕಿಂಗ್ ವ್ಯವಸ್ಥೆಯೂ ಪ್ರಕಟಣೆ ಮತ್ತು ಉಲ್ಲೇಖಗಳ ಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿಯಿತು.

ಹೆಸರು ಹೇಳುವ ಸಂಪ್ರದಾಯವಾದರೋ ಬಹಳ ಹಳೆಯದು. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಮೂರು ಕಡೆ ವಂಶ ಎಂಬ ಪಟ್ಟಿಗಳಿವೆ. ಇವನು ಇವನಿಂದ ಕಲಿತ, ಅವನು ಅವನಿಂದ ಕಲಿತ ಎಂದು ಗುರುಗಳ ಹೆಸರು ಸಾಲಾಗಿ ಹಿಂದಕ್ಕೆ ಹೋಗಿ ಬ್ರಹ್ಮದಲ್ಲಿ ನಿಲ್ಲುತ್ತದೆ. ಕೊನೆಯ ಪಟ್ಟಿಯಲ್ಲಂತೂ ಎಷ್ಟೋ ಗುರುಗಳನ್ನು ತಾಯಿಯ ಹೆಸರಿನಿಂದ ಗುರುತಿಸಲಾಗಿದೆ. ವೈದಿಕ ವಿಚಾರದಲ್ಲಿ ಮನುಷ್ಯ ಮೂರು ಋಣಗಳನ್ನು ಹೊತ್ತು ಹುಟ್ಟುತ್ತಾನೆ. ದೇವಋಣ ಯಜ್ಞದಿಂದ, ಪಿತೃಋಣ ಸಂತಾನದಿಂದ ತೀರುತ್ತದೆ. ಋಷಿಋಣ ತೀರುವುದು ಅಧ್ಯಯನದಿಂದ. ಕನ್ನಡ ಕಾವ್ಯಗಳ ಆರಂಭದ ಪೂರ್ವಕವಿಸ್ತುತಿಯೂ ಇದೇ ಮನೋಭಾವದ್ದು. ಸಂಶೋಧನ ಗ್ರಂಥಗಳ ಕೊನೆಯಲ್ಲಿ ಇಂದಿಗೂ ಗ್ರಂಥಋಣ ಎಂದೇ ತಲೆಬರಹ ಹಾಕುವ ರೂಢಿಯಿದೆ. 9ನೇ ಶತಮಾನದ ಕವಿರಾಜಮಾರ್ಗ ತನಗಿಂತ ಹಿಂದಿನವರೆಂದು ದುರ್ವಿನೀತ, ನಾಗಾರ್ಜುನ, ಜಯಬಂಧು ಮೊದಲಾದವರನ್ನು ಹೆಸರಿಸುತ್ತದೆ. ಅವರ ಗದ್ಯ ಕೃತಿಗಳಲ್ಲಿ ಒಂದೂ ಉಳಿದಿಲ್ಲ, ಉಳಿದಿರುವುದು ಉಲ್ಲೇಖ ಮಾತ್ರ. ಅವರ ಲೆಕ್ಕ ಒಂದೋ ಎರಡೋ ಇರಬಹುದು. ಆ ಒಂದು ಇಲ್ಲದಿದ್ದರೆ ಕನ್ನಡ ಗದ್ಯದ ಚರಿತ್ರೆ ಬೇರೆ ಕಡೆಯಿಂದ ಶುರುವಾಗಬೇಕಾಗುತ್ತಿತ್ತು.

ಕೊಡಗಿನಲ್ಲಿ ಈ ಋಣದ ಭಾವಕ್ಕೆ ಗುರು ಕಾರಣ ಎಂಬ ರೂಪವಿದೆ. ಒಕ್ಕ ಎಂದರೆ ಒಂದೇ ಮೂಲಪುರುಷನಿಂದ ಬಂದ ಮನೆತನ. ಆ ಮೂಲಪುರುಷ ಕಾರಣವ. ಒಕ್ಕದ ಮೂಲಮನೆಯಾದ ಐನ್‌ಮನೆಯ ಹತ್ತಿರ ಅವನಿಗೊಂದು ಕೈಮಡ, ಅಂದರೆ ಚಿಕ್ಕ ಗುಡಿ, ಇರುತ್ತದೆ. ಕಾರಣಂಗ್ ಕೊಡ್ಪ ಎಂಬ ಆಚರಣೆಯಲ್ಲಿ ಹಿರಿಯರಿಗೆ ಅನ್ನ, ಮಾಂಸದ ಅಡುಗೆ, ಮದ್ಯ ಇಡುತ್ತಾರೆ. ಒಕ್ಕದ ಶುಭಕಾರ್ಯ ಶುರುವಾಗುವುದು ಮನೆಯ ದೀಪದೆದುರು ಗುರು ಕಾರಣರನ್ನು ನೆನೆದು. ಎಷ್ಟು ಜನ ನೆನೆದರು ಎಂಬುದರಿಂದ ಕಾರಣವನ ಹಿರಿಮೆ ಹೆಚ್ಚುವುದೂ ಇಲ್ಲ, ತಗ್ಗುವುದೂ ಇಲ್ಲ. ನಾಲ್ಕೇ ಮನೆ ಉಳಿದಿರುವ ಒಕ್ಕದ ಕಾರಣವ ನಲವತ್ತು ಮನೆಯ ಒಕ್ಕದವನಿಗಿಂತ ಚಿಕ್ಕವನೆಂದು ಯಾರೂ ಹೇಳರು. ಇಲ್ಲಿ ಋಣ ಸ್ಮರಣೆಯಿಂದ ಸಲ್ಲುತ್ತದೆ, ಅದಕ್ಕೆ ಮೊತ್ತವಿಲ್ಲ. ಎಣಿಕೆ ಈ ಋಣವನ್ನು ಎತ್ತಿಕೊಂಡು ಸಾಲ ಕೊಟ್ಟವನ ಆಸ್ತಿಯಾಗಿ ಬರೆದಿಡುತ್ತದೆ. ತೊಂದರೆ ಶುರುವಾಗುವುದೂ ಇಲ್ಲಿಂದಲೇ.

ಮೊದಲು ಹೇಳಿದ, ಹೆಚ್ಚು ಉಲ್ಲೇಖಗೊಂಡ ಇಂಗ್ಲಿಷ್ ಪುಸ್ತಕವೆಂದರೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ರಿಲಿಜನ್ ಅಂಡ್ ಸೊಸೈಟಿ ಅಮಂಗ್ ದ ಕೂರ್ಗ್ಸ್ ಆಫ್ ಸೌತ್ ಇಂಡಿಯಾ. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಶ್ರೀನಿವಾಸರು ಮುಂಬಯಿಯಲ್ಲಿ ಜಿ.ಎಸ್. ಘುರ್ಯೆ ಅವರ ಶಿಷ್ಯರು. 1940ರ ದಶಕದ ಆರಂಭದಲ್ಲಿ ಕೊಡಗಿನಲ್ಲಿ ಕ್ಷೇತ್ರಕಾರ್ಯ ಮಾಡಿ ಮುಂಬಯಿಯಲ್ಲಿ ದೊಡ್ಡ ಗಾತ್ರದ ಪ್ರಬಂಧ ಬರೆದರು. 1945ರಲ್ಲಿ ಆಕ್ಸ್‌ಫರ್ಡ್‌ಗೆ ಹೋದಾಗ ಅದೇ ಸಾಮಗ್ರಿಯನ್ನು ಹೊಸ ಕಣ್ಣಿನಿಂದ ನೋಡುವಂತೆ ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್-ಬ್ರೌನ್ ಹಚ್ಚಿದರು. ಅವರು ನಿವೃತ್ತರಾದ ಮೇಲೆ ಇವಾನ್ಸ್-ಪ್ರಿಚರ್ಡ್ ಮಾರ್ಗದರ್ಶನದಲ್ಲಿ ಕೆಲಸ ಮುಗಿಯಿತು. 1952ರಲ್ಲಿ ರ‍್ಯಾಡ್‌ಕ್ಲಿಫ್-ಬ್ರೌನ್ ಮುನ್ನುಡಿಯೊಂದಿಗೆ ಪುಸ್ತಕ ಹೊರಬಂತು. ಆಗ ಸಂಶೋಧನ ಲೇಖನಗಳಿಗೆ ಉಲ್ಲೇಖ ಸೂಚಿ ಎಂಬುದೇ ಇರಲಿಲ್ಲ.

ಪುಸ್ತಕದ ಬಹುಭಾಗ ಆಚರಣೆಗಳ ಸೂಕ್ಷ್ಮ ವಿವರಣೆ. ಮಂಗಲ ಎಂಬ ಕ್ರಿಯಾಸಮೂಹವನ್ನು ಶ್ರೀನಿವಾಸರು ಬಿಡಿಸಿ ಬಿಡಿಸಿ ನೋಡುತ್ತಾರೆ. ಮದುವೆಯೂ ಮಂಗಲ, ಹೆಣ್ಣು ಮೈನೆರೆದಾಗಲೂ ಮಂಗಲ, ಹುಲಿ ಕೊಂದವನಿಗೂ ನರಿ ಮಂಗಲ. (ಕೊಡವ ಭಾಷೆಯಲ್ಲಿ ನರಿಯೆಂದರೆ ಹುಲಿ, ಕನ್ನಡದ ಓದುಗರು ಇಲ್ಲಿ ಎಡವುವುದುಂಟು.) ಹತ್ತು ಮಕ್ಕಳನ್ನು ಹೆತ್ತ ತಾಯಿಗೂ ಮಂಗಲ ಉಂಟು. ಮಂಗಲದ ವ್ಯಕ್ತಿಯನ್ನು ಪೂರ್ವಕ್ಕೆ ಮುಖಮಾಡಿ ಕೂರಿಸಿ, ಬಂಧುಗಳು ಒಬ್ಬೊಬ್ಬರಾಗಿ ಬಂದು ಮಂಡಿ, ಭುಜ, ತಲೆಗಳ ಮೇಲೆ ಅಕ್ಕಿ ಹಾಕಿ, ಹಾಲು ಗುಟುಕಿಸಿ, ನಾಣ್ಯ ಕೊಟ್ಟು ಹರಸುತ್ತಾರೆ. ಇಷ್ಟು ಬೇರೆ ಬೇರೆ ಸಂದರ್ಭಗಳಲ್ಲಿ ಒಂದೇ ವಿಧಿ ಏಕೆ ಮರುಕಳಿಸುತ್ತದೆ, ಅದು ಒಕ್ಕದ ಒಗ್ಗಟ್ಟಿಗೆ ಏನು ಮಾಡುತ್ತದೆ ಎಂಬುದು ಪುಸ್ತಕದ ನಿಜವಾದ ವಿಚಾರ. ಮಡಿ ಮತ್ತು ಪೊಲೆ (ಮೈಲಿಗೆ) ಇವುಗಳ ಚರ್ಚೆಯೂ ಅಷ್ಟೇ ಎಚ್ಚರದ್ದು.

ಆದರೆ ಪುಸ್ತಕದ ಉಲ್ಲೇಖಗಳು ಹೆಚ್ಚಾಗಿ ಮುತ್ತುವುದು ಆರಂಭದ ಒಂದು ಪ್ಯಾರಾವನ್ನು. ಕೆಳಗಿನ ಜಾತಿಯೊಂದು ಮದ್ಯಮಾಂಸ ಬಿಟ್ಟು, ಬ್ರಾಹ್ಮಣರ ಆಚಾರಗಳನ್ನು ತೆಗೆದುಕೊಂಡು, ಒಂದೆರಡು ತಲೆಮಾರಿನಲ್ಲಿ ಮೇಲೇರಬಲ್ಲದು ಎಂದು ಅಲ್ಲಿ ಹೇಳಿ, ಆ ಪ್ರಕ್ರಿಯೆಗೆ ಅವರು ಸಂಸ್ಕೃತೀಕರಣ ಎಂಬ ಹೆಸರು ಕೊಟ್ಟರು. ಜನಿವಾರ ಹಾಕುವ, ಮಾಂಸ ಬಿಟ್ಟ ಅಮ್ಮ ಕೊಡವರು ಅದಕ್ಕೆ ಪುಸ್ತಕದೊಳಗಿನ ನಿದರ್ಶನ. 1956ರಲ್ಲಿ ಶ್ರೀನಿವಾಸರು ಈ ವಿಚಾರವನ್ನು ಪ್ರತ್ಯೇಕ ಲೇಖನವಾಗಿ ಬೆಳೆಸಿದರು. ಅಲ್ಲಿಂದ ಮುಂದೆ ಜಾತಿಯ ಚಲನೆಯ ಬಗ್ಗೆ ಬರೆಯುವವರಿಗೆ 1952ರ ಪುಸ್ತಕವನ್ನು ಹೆಸರಿಸುವುದು ಗಣಪತಿ ಪೂಜೆಯಷ್ಟು ಕಡ್ಡಾಯವಾಯಿತು. ಹಾಗೆ ಹೆಸರಿಸಿದವರು ನರಿ ಮಂಗಲದ ಪುಟಗಳವರೆಗೆ ಹೋಗಿದ್ದಾರೆಯೇ ಎಂದು ಎಣಿಕೆ ಕೇಳುವುದಿಲ್ಲ. ಈ ಅನುಮಾನ ಕೇವಲ ಕುಹಕವಲ್ಲ. ಮಿಖಾಯಿಲ್ ಸಿಮ್ಕಿನ್ ಮತ್ತು ವ್ವಾನಿ ರಾಯ್‌ಚೌಧರಿ ಎಂಬ ಸಂಶೋಧಕರು 2003ರಲ್ಲಿ ಆಕರಸೂಚಿಗಳಲ್ಲಿನ ಅಚ್ಚಿನ ತಪ್ಪುಗಳನ್ನು ಹಿಂಬಾಲಿಸಿದರು. ಒಂದೇ ತಪ್ಪು ಪುಟಸಂಖ್ಯೆ ಒಂದು ಲೇಖನದಿಂದ ಮತ್ತೊಂದಕ್ಕೆ ಹಾಗೆಯೇ ಸಾಗಿತ್ತು. ಉಲ್ಲೇಖಿಸುವವರಲ್ಲಿ ಮೂಲವನ್ನು ಓದುವವರು ಸುಮಾರು ಐದರಲ್ಲಿ ಒಬ್ಬರು ಎಂದು ಅವರ ಅಂದಾಜು.

ಕೊಡಗಿನವರಿಗೆ ಇದರಲ್ಲಿ ಒಂದು ವಿಪರ್ಯಾಸ ಕಾಣಿಸುತ್ತದೆ. ಕೊಡವ ಮದುವೆಯನ್ನು ನಡೆಸುವವರು ಹಿರಿಯರು, ಅದಕ್ಕೆ ಪುರೋಹಿತರು ಬೇಕಿಲ್ಲ. ಊಟದಲ್ಲಿ ಹಂದಿ ಮಾಂಸ ಇರುತ್ತದೆ, ಮದ್ಯಕ್ಕೂ ಮನ್ನಣೆಯಿದೆ. ಅಮ್ಮ ಕೊಡವರು ಒಂದು ಸಣ್ಣ ಗುಂಪು. ಹೀಗಿದ್ದೂ ದೇಶದ ತರಗತಿಗಳಲ್ಲಿ ಕೊಡವರು ನೆನಪಾಗುವುದು ಸಂಸ್ಕೃತೀಕರಣದ ಜೊತೆಗೆ. ಕಾವೇರಿ ಪುರಾಣದ ಕಥೆ, ಹಾಲೇರಿ ಲಿಂಗಾಯತ ಅರಸರ ಪ್ರಭಾವ, ಒಕ್ಕದ ಸ್ವಂತ ವಿಧಿಗಳು ಇವೆಲ್ಲ ಹೆಣೆದುಕೊಂಡ ಬಗೆಯನ್ನು ಶ್ರೀನಿವಾಸರು ತಾವೇ ವಿವರಿಸಿದ್ದರು. ಉಲ್ಲೇಖ ಹೊತ್ತೊಯ್ದದ್ದು ಆ ಹೆಣಿಗೆಯ ಒಂದು ಎಳೆಯನ್ನು. ಸಂಖ್ಯೆ ಬೆಳೆದಂತೆ ಪುಸ್ತಕ ಹಿರಿದಾಯಿತು, ಅದರೊಳಗಿನ ಕೊಡಗು ಕಿರಿದಾಯಿತು.

ಉಲ್ಲೇಖವೆಲ್ಲ ಒಪ್ಪಿಗೆಯೂ ಅಲ್ಲ. ಶ್ರೀನಿವಾಸರ ಪರಿಕಲ್ಪನೆಯನ್ನು ಸಂಸ್ಕೃತ ವಿದ್ವಾಂಸ ಜೆ.ಎಫ್. ಸ್ಟಾಲ್ 1963ರಲ್ಲಿ ಬರೆದ ಲೇಖನದಲ್ಲಿ ತೀಕ್ಷ್ಣವಾಗಿ ಪ್ರಶ್ನಿಸಿದರು. ಎಣಿಕೆಯ ಯಂತ್ರಕ್ಕೆ ಸ್ಟಾಲ್ ಅವರದೂ ಒಂದು, ಭಕ್ತ ಶಿಷ್ಯನದೂ ಒಂದು. ಭಾರತೀಯ ತರ್ಕಪರಂಪರೆಗೆ ಈ ಗೊಂದಲ ಹೊಸದಲ್ಲ. ಅಲ್ಲಿ ಎದುರಾಳಿಯ ಮಾತನ್ನು ಪೂರ್ವಪಕ್ಷವಾಗಿ ಮೊದಲು ಪೂರ್ತಿ ಇಟ್ಟು, ಆಮೇಲೆ ಖಂಡಿಸುವುದು ಮರ್ಯಾದೆ. ಹಾಗಾಗಿ ಅತಿ ಹೆಚ್ಚು ಉಲ್ಲೇಖಗೊಂಡವರ ಸಾಲಿನಲ್ಲಿ ಅತಿ ಹೆಚ್ಚು ತಿರಸ್ಕೃತರೂ ಇರುತ್ತಾರೆ. ಚಾರ್ವಾಕರಿಗಿಂತ ದೊಡ್ಡ ನಿದರ್ಶನ ಬೇಡ. ಅವರ ಮೂಲ ಸೂತ್ರಗ್ರಂಥ ಉಳಿದಿಲ್ಲ. ಬೌದ್ಧರು, ಜೈನರು, ನೈಯಾಯಿಕರು, ವೇದಾಂತಿಗಳು ಒಬ್ಬರಾದ ಮೇಲೊಬ್ಬರು ಅವರ ಮಾತನ್ನು ಎತ್ತಿ ಮುರಿದರು. ವಿಜಯನಗರ ಕಾಲದ ಮಾಧವನ ಸರ್ವದರ್ಶನಸಂಗ್ರಹ ಶುರುವಾಗುವುದೇ ಚಾರ್ವಾಕ ಮತದಿಂದ. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತುತ್ತ ಹಿಂದಿನದನ್ನು ಕೆಳಗೆ ಬಿಡುತ್ತದೆ. ಉಲ್ಲೇಖ ಗಣನೆಯ ಕೋಷ್ಟಕ ಅಂದು ಇದ್ದಿದ್ದರೆ ಚಾರ್ವಾಕರ ಲೋಕಾಯತಕ್ಕೆ ಒಳ್ಳೆಯ ಸ್ಥಾನವೇ ಸಿಗುತ್ತಿತ್ತು. ವಿಜ್ಞಾನದಲ್ಲೂ ಇದು ನಡೆದಿದೆ. ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ, 1998ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಆಂಡ್ರೂ ವೇಕ್‌ಫೀಲ್ಡ್ ಮತ್ತು ಸಂಗಡಿಗರ ಲೇಖನವನ್ನು ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಅದರ ಉಲ್ಲೇಖಗಳ ಸಂಖ್ಯೆ ಸಾವಿರ ದಾಟಿದೆ, ಬಹುಪಾಲು ಅದನ್ನು ತಳ್ಳಿಹಾಕಲು ಬರೆದವು. ಶೆಪರ್ಡ್ಸ್ ಸೂಚಿಯ ವಕೀಲರು ಎತ್ತಿಹಿಡಿದದ್ದನ್ನೂ ತಳ್ಳಿಹಾಕಿದ್ದನ್ನೂ ಬೇರೆ ಬೇರೆ ಗುರುತಿನಿಂದ ತೋರಿಸುತ್ತಿದ್ದರು. ವಿಜ್ಞಾನದ ಸೂಚಿ ಆ ಪದ್ಧತಿಯನ್ನು ಎರವಲು ತಂದಾಗ ಈ ಗುರುತುಗಳನ್ನು ದಾರಿಯಲ್ಲೇ ಬಿಟ್ಟುಬಂತು.

ಇನ್ನೊಂದು ತುದಿಯಲ್ಲಿ, ಗೆದ್ದ ವಿಚಾರ ಉಲ್ಲೇಖವನ್ನೇ ಕಳೆದುಕೊಳ್ಳುತ್ತದೆ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಇದನ್ನು ಗಮನಿಸಿದ್ದರು: ಒಂದು ಮಾತು ಎಲ್ಲರ ಮಾತಾದಾಗ ಅದನ್ನು ಮೊದಲು ಆಡಿದವನ ಹೆಸರು ಅಳಿಸಿಹೋಗುತ್ತದೆ. ವೋಟ್ ಬ್ಯಾಂಕ್ ಎಂಬ ಮಾತನ್ನು ಚಲಾವಣೆಗೆ ತಂದವರು ಇದೇ ಶ್ರೀನಿವಾಸರು, ಮೈಸೂರು ಸೀಮೆಯ ಹಳ್ಳಿಯೊಂದರ ಬಗ್ಗೆ 1955ರಲ್ಲಿ ಬರೆದ ಪ್ರಬಂಧದಲ್ಲಿ. ಇಂದು ಚುನಾವಣೆ ಬಂದರೆ ಕನ್ನಡದ ಪತ್ರಿಕೆಗಳಲ್ಲಿ ಆ ಪದ ಇಲ್ಲದ ದಿನವಿಲ್ಲ. ಅಡಿಟಿಪ್ಪಣಿ ಮಾತ್ರ ಎಲ್ಲೂ ಇಲ್ಲ. ಪ್ರಭಾವ ಎಂಬ ಮಾತಿಗೆ ಅರ್ಥವಿದ್ದರೆ ಅದು ಇಲ್ಲಿರಬೇಕು, ಆದರೆ ಎಣಿಕೆಯಲ್ಲಿ ಇದರ ಬೆಲೆ ಸೊನ್ನೆ. ಕೃಷಿ ಸಂಶೋಧನೆಯದೂ ಇದೇ ಕಥೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ ಬಂದ ಎಸ್. 795 ಅರೇಬಿಕಾ ತಳಿ ಕೊಡಗಿನ ತೋಟಗಳಲ್ಲಿ ದಶಕಗಳಿಂದ ನಿಂತಿದೆ. ಮಡಿಕೇರಿ ಬಳಿಯ ಅಪ್ಪಂಗಳದ ಕೇಂದ್ರ ಏಲಕ್ಕಿಯ ಕಟ್ಟೆ ರೋಗದ ಮೇಲೆ ಕೆಲಸ ಮಾಡಿದೆ. ಬೆಳೆಗಾರ ಗಿಡ ನೆಡುತ್ತಾನೆ, ಯಾರನ್ನೂ ಉಲ್ಲೇಖಿಸುವುದಿಲ್ಲ.

ಎಣಿಕೆಗೆ ಸಿಗದ ಋಣದ ಪ್ರಶ್ನೆ, ಮೊದಲು ಹೇಳಿದ ಕೊಡವ ಭಾಷೆಯ ಪುಸ್ತಕವಾದ ಪಟ್ಟೋಲೆ ಪಳಮೆಯ ವಿಷಯದಲ್ಲಿ ಇನ್ನೂ ಆಳಕ್ಕೆ ಹೋಗುತ್ತದೆ. ನಡಿಕೇರಿಯಂಡ ಚಿಣ್ಣಪ್ಪ (1875–1931) ಪೊಲೀಸ್ ಅಧಿಕಾರಿಯಾಗಿದ್ದವರು. ಊರೂರು ತಿರುಗುತ್ತ ಕೊಡವರ ಹಾಡು, ಗಾದೆ, ಕಟ್ಟುಕಟ್ಟಳೆಗಳನ್ನು ಕೇಳಿ ಬರೆದುಕೊಂಡು, 1924ರಲ್ಲಿ ಕೊಡವ ಭಾಷೆಯಲ್ಲಿ, ಕನ್ನಡ ಲಿಪಿಯಲ್ಲಿ ಪ್ರಕಟಿಸಿದರು. ಪುಸ್ತಕದ ದೊಡ್ಡ ಪಾಲು ಹಾಡುಗಳೇ. ಇಬ್ಬರಿಬ್ಬರ ಎರಡು ಜೋಡಿ ದುಡಿ ಬಾರಿಸುತ್ತ ಹಾಡುವ ಬಾಳೊ ಪಾಟ್ ಮದುವೆಯಲ್ಲೂ, ಸಾವಿನಲ್ಲೂ, ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲೂ ಕೇಳುತ್ತದೆ. ಹಾಡು ನೇರವಾಗಿ ವಧುವಿನ ಮನೆಗೆ ಬರುವುದಿಲ್ಲ. ದೇವರು, ಸೂರ್ಯಚಂದ್ರರು, ಭೂಮಿ, ಆಮೇಲೆ ಕೊಡಗು ನಾಡು, ಹೀಗೆ ಒಂದೊಂದನ್ನೇ ಕರೆದು ಕೊನೆಗೆ ಅಂಗಳಕ್ಕೆ ಇಳಿಯುತ್ತದೆ. ಶ್ರೀನಿವಾಸರು ಕೊಡಗಿಗೆ ಬರುವ ಹೊತ್ತಿಗೆ ಈ ಪುಸ್ತಕ ಅಚ್ಚಾಗಿ ಹದಿನೈದು ವರ್ಷ ದಾಟಿತ್ತು. ಅವರು ಅದರ ಹಾಡುಗಳನ್ನು ಬಳಸಿಕೊಂಡಿದ್ದಾರೆ.

ಈಗ ಋಣದ ಸರಪಳಿಯನ್ನು ನೋಡಬೇಕು. ಸಂಸ್ಕೃತೀಕರಣದ ಬಗ್ಗೆ ಇಂದು ಬರೆಯುವ ಲೇಖಕ ಶ್ರೀನಿವಾಸರನ್ನು ಹೆಸರಿಸುತ್ತಾನೆ. ಶ್ರೀನಿವಾಸರು ಚಿಣ್ಣಪ್ಪನವರಿಗೆ ಋಣಿ. ಚಿಣ್ಣಪ್ಪನವರು ಹಾಡುಗಾರರಿಗೆ ಋಣಿ. ಹಾಡುಗಾರರು ತಮಗೆ ಕಲಿಸಿದವರಿಗೆ. ಎಣಿಕೆ ಮೊದಲ ಕೊಂಡಿಗೇ ನಿಲ್ಲುತ್ತದೆ, ಏಕೆಂದರೆ ಅದು ಕಾಣುವುದು ಆಕರಸೂಚಿಯ ಸಾಲನ್ನು ಮಾತ್ರ, ಅದೂ ತಾನು ಸೇರಿಸಿಕೊಂಡ ಪತ್ರಿಕೆಗಳ ಆಕರಸೂಚಿಯನ್ನು. ಬೃಹದಾರಣ್ಯಕದ ವಂಶ ಕೊನೆಯ ಗುರುವಿನವರೆಗೆ ಹಿಂದೆ ಹೋಗುತ್ತಿತ್ತು. ಇಲ್ಲಿ ಸಾಲ ವಸೂಲಿಯಾಗುವುದು ತೀರ ಹತ್ತಿರದ ಅಂಗಡಿಯಲ್ಲಿ.

ಸೂಚಿಗೆ ಹೆಸರನ್ನು ಓದುವುದೂ ಸರಿಯಾಗಿ ಬರುವುದಿಲ್ಲ. ಅದು ಕೊನೆಯ ಪದವನ್ನು ಮನೆತನದ ಹೆಸರೆಂದು ತಿಳಿದು, ಮೊದಲಿನದನ್ನು ಒಂದಕ್ಷರಕ್ಕೆ ಇಳಿಸುತ್ತದೆ. ಕೊಡವರಲ್ಲಿ ಒಕ್ಕದ ಹೆಸರು ಮೊದಲು ಬರುತ್ತದೆ. ನಡಿಕೇರಿಯಂಡ ಎಂಬುದೇ ಯಾವ ಚಿಣ್ಣಪ್ಪ ಎಂದು ಹೇಳುವ ಗುರುತು. ಚಿಣ್ಣಪ್ಪ ಎಂಬ ಹೆಸರು ಕೊಡಗಿನಲ್ಲಿ ಎಷ್ಟೋ ಜನಕ್ಕೆ ಇದೆ. ಸೂಚಿಯ ಕ್ರಮದಲ್ಲಿ ಅವರು ಚಿಣ್ಣಪ್ಪ ಎನ್. ಆಗಿ, ಒಕ್ಕವೂ ಕಾರಣವನೂ ಒಂದು ಚುಕ್ಕೆಯೊಳಗೆ ಅಡಗುತ್ತಾರೆ. ಮೈಸೂರಿನ ಶ್ರೀನಿವಾಸರ ಪಾಡೂ ಅದೇ. ಶ್ರೀನಿವಾಸ ಎಂಬುದು ಅವರ ಸ್ವಂತ ಹೆಸರು, ಸೂಚಿ ಅದನ್ನೇ ಮನೆತನ ಮಾಡಿಬಿಟ್ಟಿದೆ. ಭಾಷೆಯ ತೊಡಕು ಇದಕ್ಕಿಂತ ದೊಡ್ಡದು. 2011ರ ಜನಗಣತಿಯಲ್ಲಿ ಕೊಡವ ಮಾತೃಭಾಷೆಯವರು 1,13,857. ಆ ಭಾಷೆಯಲ್ಲಿ ಬರೆದದ್ದನ್ನು ಅದೇ ಭಾಷೆಯಲ್ಲಿ ಓದಿ, ಕನ್ನಡದಲ್ಲಿ ಚರ್ಚಿಸಿದರೆ, ಆ ಚರ್ಚೆಯ ಬಹುಪಾಲು ಜಾಗತಿಕ ಸೂಚಿಗಳ ಹೊರಗೇ ಉಳಿಯುತ್ತದೆ. ಚಿಣ್ಣಪ್ಪನವರು ಭಗವದ್ಗೀತೆಯನ್ನು ಕೊಡವಕ್ಕೆ ತಂದು 1929ರಲ್ಲಿ ಪ್ರಕಟಿಸಿದರು. ಗೀತೆಯನ್ನು ಪಾರಾಯಣ ಮಾಡುವವರು ಅಡಿಟಿಪ್ಪಣಿ ಬರೆಯುವವರಲ್ಲ. ಧಾರ್ಮಿಕ ಗ್ರಂಥವೊಂದರ ಪ್ರಭಾವವನ್ನು ಉಲ್ಲೇಖದಿಂದ ಅಳೆಯಹೊರಟರೆ ಅದರ ಮುಖ್ಯ ಓದುಗರೇ ಲೆಕ್ಕದಿಂದ ಹೊರಗುಳಿಯುತ್ತಾರೆ.

ಇಷ್ಟಾದ ಮೇಲೆ ಉಲ್ಲೇಖ ಯಾವ ಬಗೆಯ ಪ್ರಮಾಣ ಎಂಬ ಮೊದಲ ಪ್ರಶ್ನೆಗೆ ಬರಬಹುದು. ಅದು ಪ್ರತ್ಯಕ್ಷವಲ್ಲ, ಮೌಲ್ಯ ಅಂಕಿಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಆಪ್ತವಾಕ್ಯವೂ ಅಲ್ಲ. ತಿಳಿದವರು ಓದಿ ಇದು ಒಳ್ಳೆಯದು ಎಂದು ಕಾರಣ ಸಮೇತ ಹೇಳಿದರೆ ಅದು ಆಪ್ತವಾಕ್ಯ. ಸಂಖ್ಯೆಯಲ್ಲಿ ಹೇಳಿದವರೂ ಇಲ್ಲ, ಕಾರಣವೂ ಇಲ್ಲ. ಉಳಿಯುವುದು ಅನುಮಾನ: ಉಲ್ಲೇಖವೆಂಬ ಲಿಂಗದಿಂದ, ಅಂದರೆ ಗುರುತಿನಿಂದ, ಮೌಲ್ಯವೆಂಬ ಸಾಧ್ಯವನ್ನು ಊಹಿಸುವುದು. ನ್ಯಾಯಶಾಸ್ತ್ರ ಇಂಥ ಊಹೆಗೆ ವ್ಯಾಪ್ತಿ ಬೇಕೆನ್ನುತ್ತದೆ, ಅಂದರೆ ತಪ್ಪದ ನಂಟು. ಗುಡ್ಡದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸುವುದು ಸರಿ. ಬೆಂಕಿ ಕಂಡು ಹೊಗೆಯನ್ನು ಊಹಿಸಿದರೆ ತಪ್ಪು, ಏಕೆಂದರೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದೂ ಹೊಗೆಯಿರದು. ಹೊಗೆ ಬರಬೇಕಾದರೆ ಹಸಿ ಸೌದೆ ಸೇರಿರಬೇಕು. ಆ ಹಸಿ ಸೌದೆಗೆ ನೈಯಾಯಿಕರು ಉಪಾಧಿ ಎನ್ನುತ್ತಾರೆ, ನಂಟು ನಿಂತಿರುವುದು ನಿಜವಾಗಿ ಅದರ ಮೇಲೆ.

ಉಲ್ಲೇಖದ ಸಂಖ್ಯೆಗೆ ಇಂಥ ಉಪಾಧಿಗಳು ಹಲವು. ಒಂದು ಕ್ಷೇತ್ರದಲ್ಲಿ ಎಷ್ಟು ಜನ ಬರೆಯುತ್ತಿದ್ದಾರೆ ಎಂಬುದೇ ಮೊದಲನೆಯದು. ಪ್ರೋಟೀನಿನ ಪ್ರಮಾಣವನ್ನು ಅಳೆಯುವ ವಿಧಾನದ ಬಗ್ಗೆ ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಬರೆದ ಲೇಖನಕ್ಕೆ 2014ರ ಹೊತ್ತಿಗೆ ಮೂರು ಲಕ್ಷಕ್ಕೂ ಮಿಕ್ಕಿ ಉಲ್ಲೇಖಗಳಿದ್ದವು. ಅದು ಮಹಾನ್ ಲೇಖನವೇನಲ್ಲ ಎಂದು ಸ್ವತಃ ಲೌರಿಯೇ ಹೇಳಿದ್ದರು; ಲ್ಯಾಬುಗಳಲ್ಲಿ ದಿನವೂ ಬೇಕಾಗುವ ವಿಧಾನ, ಅಷ್ಟೆ. ದ್ರಾವಿಡ ಭಾಷಾವಿಜ್ಞಾನದ ಹಿರಿಯ ಎಂ.ಬಿ. ಎಮಿನೋ 1970ರಲ್ಲಿ ಕೊಡವ ಭಾಷೆಯ ಸ್ವರಗಳ ಬಗ್ಗೆ ಒಂದು ಲೇಖನ ಬರೆದರು. ಕನ್ನಡದಲ್ಲಿ ಇಲ್ಲದ ಸ್ವರಗಳು ಆ ಭಾಷೆಯಲ್ಲಿ ಹೇಗೆ ಬಂದವೆಂದು ತಿಳಿಯಲು ಇಂದಿಗೂ ಅದನ್ನು ನೋಡಬೇಕು. ಆದರೆ ಜಗತ್ತಿನಲ್ಲಿ ಕೊಡವ ಸ್ವರಗಳ ಬಗ್ಗೆ ಬರೆಯುವವರು ಬೆರಳೆಣಿಕೆಯಷ್ಟು. ಅವರೆಲ್ಲರೂ ಪ್ರತಿ ಲೇಖನದಲ್ಲೂ ಎಮಿನೋ ಅವರನ್ನು ಹೆಸರಿಸಿದರೂ ಮೊತ್ತ ಒಂದು ಸಾಧಾರಣ ಜೀವರಸಾಯನ ಲೇಖನದ ಹತ್ತಿರಕ್ಕೂ ಬಾರದು. ಬರೋ ಮತ್ತು ಎಮಿನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶದಲ್ಲಿ ಪುಟ ಪುಟಕ್ಕೂ ಕೊಡವ ಪದಗಳಿವೆ. ಆ ಪದಗಳನ್ನು ಉಚ್ಚರಿಸಿ ತೋರಿಸಿದವರು ಯಾವ ಎಣಿಕೆಯಲ್ಲೂ ಇಲ್ಲ. ಭಾಷೆ ಇನ್ನೊಂದು ಉಪಾಧಿ, ಇಂಗ್ಲಿಷಿನ ಸೌದೆ ಸದಾ ಹಸಿ. ಮೊದಲೇ ಹೆಸರಾದವರಿಗೆ ಇನ್ನಷ್ಟು ಹೆಸರು ಸೇರುವುದು ಮತ್ತೊಂದು. ಮರ್ಟನ್ 1968ರಲ್ಲಿ ಅದಕ್ಕೆ ಬೈಬಲಿನ ಮತ್ತಾಯನ ಸುವಾರ್ತೆಯಿಂದ ಹೆಸರು ತೆಗೆದರು: ಉಳ್ಳವನಿಗೆ ಕೊಡಲಾಗುವುದು ಎಂಬ ಅರ್ಥದ ವಾಕ್ಯ ಅಲ್ಲಿದೆ.

ಮೇಲಾಗಿ, ಹೊಗೆ ಕಂಡರೆ ಬಹುಮಾನ ಎಂದು ಸಾರಿದರೆ ಜನ ಹೊಗೆ ಹಾಕಲು ಕಲಿಯುತ್ತಾರೆ. ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಸಂದರ್ಭದಲ್ಲಿ ಹೇಳಿದ್ದು ಇಲ್ಲಿಗೂ ಹೊಂದುತ್ತದೆ: ಅಳತೆಯೇ ಗುರಿಯಾದರೆ ಅಳತೆ ಕೆಡುತ್ತದೆ. ತಮ್ಮನ್ನು ತಾವೇ ಉಲ್ಲೇಖಿಸಿಕೊಳ್ಳುವುದು, ನೀನು ನನ್ನನ್ನು ನಾನು ನಿನ್ನನ್ನು ಎಂಬ ಒಳಒಪ್ಪಂದ, ದುಡ್ಡು ಕೊಟ್ಟರೆ ಏನನ್ನೂ ಅಚ್ಚುಹಾಕುವ ಪತ್ರಿಕೆಗಳು ಎಲ್ಲ ಇದರ ಫಲ. ಇಂಥ ಪತ್ರಿಕೆಗಳ ಹಾವಳಿ ತಡೆಯಲು ಅನುದಾನ ಆಯೋಗವೇ 2019ರಲ್ಲಿ ಕೇರ್ ಎಂಬ ಒ‍ಪ್ಪಿತ ಪಟ್ಟಿ ಮಾಡಬೇಕಾಯಿತು. ಋಣ ಒಪ್ಪಿಕೊಳ್ಳುವುದು ನೈತಿಕ ಕ್ರಿಯೆ. ಅದಕ್ಕೆ ಕೂಲಿ ನಿಗದಿಯಾದ ಕೂಡಲೇ ಅದರ ಸ್ವಭಾವ ಬದಲಾಗುತ್ತದೆ.

ಎಣಿಕೆಯ ಪರವಾಗಿಯೂ ಗಟ್ಟಿ ವಾದವಿದೆ, ಅದನ್ನು ಪೂರ್ವಪಕ್ಷವಾಗಿ ಇಟ್ಟು ಮರೆಯುವಂತಿಲ್ಲ. ಸಂಖ್ಯೆ ಇಲ್ಲದ ಕಾಲದಲ್ಲಿ ಬಡ್ತಿ ತೀರ್ಮಾನವಾಗುತ್ತಿದ್ದುದು ಯಾರು ಯಾರ ಶಿಷ್ಯ, ಯಾವ ಜಾತಿ, ಯಾರ ಶಿಫಾರಸು ಎಂಬುದರಿಂದಲೂ ಹೌದು. ತಿಳಿದವರ ತೀರ್ಪು ಎಂಬ ಆಪ್ತವಾಕ್ಯದಲ್ಲಿ ಆಪ್ತರೆಲ್ಲ ಒಂದೇ ಗುಂಪಿನವರಾದರೆ ಹೊರಗಿನವರಿಗೆ ನ್ಯಾಯ ಸಿಗುವುದು ಕಷ್ಟ. ಸಣ್ಣ ಊರಿನ ಕಾಲೇಜಿನಲ್ಲಿ ಕೂತು ಒಳ್ಳೆಯ ಕೆಲಸ ಮಾಡಿದವರಿಗೆ, ಆಯ್ಕೆ ಸಮಿತಿಯಲ್ಲಿ ಪರಿಚಯದವರಿಲ್ಲದವರಿಗೆ, ಸಂಖ್ಯೆ ಒಂದು ರಕ್ಷಣೆಯಾದದ್ದೂ ಇದೆ. ಯಂತ್ರಕ್ಕೆ ಜಾತಿ ಗೊತ್ತಿಲ್ಲ ಎಂಬ ಮಾತಿನಲ್ಲಿ ಸತ್ಯವಿದೆ. ಅದಕ್ಕೆ ಭಾಷೆ ಗೊತ್ತು, ಊರು ಗೊತ್ತು, ಪತ್ರಿಕೆಯ ದರ್ಜೆ ಗೊತ್ತು ಎಂಬುದನ್ನೂ ಜೊತೆಗೆ ಸೇರಿಸಬೇಕಷ್ಟೆ.

ಈ ಇಕ್ಕಟ್ಟಿಗೆ ಸಂಶೋಧನ ಲೋಕದಲ್ಲಿ ಎರಡು ಉತ್ತರಗಳು ಹೆಚ್ಚು ಚರ್ಚೆಯಾಗಿವೆ. 2012ರಲ್ಲಿ ರೂಪುಗೊಂಡ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ, ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ಲೇಖನದ ಅಥವಾ ಲೇಖಕನ ಗುಣ ತೀರ್ಮಾನಿಸಬೇಡಿ ಎಂದಿತು. 2015ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಲೈಡನ್ ಪ್ರಣಾಳಿಕೆ ಹತ್ತು ತತ್ವಗಳನ್ನು ಮುಂದಿಟ್ಟಿತು. ಅಂಕಿಅಂಶ ತಿಳಿದವರ ವಿವೇಚನೆಗೆ ನೆರವಾಗಬೇಕು, ಅದರ ಜಾಗಕ್ಕೆ ಬರಬಾರದು ಎಂಬುದು ಮೊದಲನೆಯದು. ಸ್ಥಳೀಯವಾಗಿ ಮುಖ್ಯವಾದ ಸಂಶೋಧನೆಯ ಶ್ರೇಷ್ಠತೆಯನ್ನು ಕಾಪಾಡಬೇಕು ಎಂಬುದೂ ಅವುಗಳಲ್ಲಿ ಒಂದು. ಇಂಗ್ಲಿಷಿನಲ್ಲಿ ಬರೆದರೆ ಮಾತ್ರ ಶ್ರೇಷ್ಠ ಎಂಬ ಸಮೀಕರಣವನ್ನು ಅದು ನೇರವಾಗಿ ತಳ್ಳಿಹಾಕುತ್ತದೆ. ಕೊಡಗಿನ ಮಟ್ಟಿಗೆ ಇದು ದೂರದ ಚರ್ಚೆಯಲ್ಲ. ಕುಶಾಲನಗರದ ಬಳಿ ಚಿಕ್ಕ ಅಳುವಾರದಲ್ಲಿ 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾಯಿತು. ಅಂಥ ಕಡೆ ದೇವರಕಾಡಿನ ಬಗ್ಗೆಯೋ ಐನ್‌ಮನೆಯ ಬಗ್ಗೆಯೋ ಕನ್ನಡದಲ್ಲಿ ಒಬ್ಬರು ಬರೆದರೆ ಅದನ್ನು ಓದಿ ಬೆಲೆ ಕಟ್ಟಬಲ್ಲವರು ಹೆಚ್ಚಾಗಿ ಜಿಲ್ಲೆಯೊಳಗೇ ಇದ್ದಾರೆ, ಎಷ್ಟೋ ಸಲ ವಿಶ್ವವಿದ್ಯಾಲಯದ ಹೊರಗೆ.

ಪಟ್ಟೋಲೆ ಪಳಮೆ 2003ರಲ್ಲಿ ಇಂಗ್ಲಿಷಿಗೆ ಬಂತು. ಅನುವಾದಿಸಿದವರು ಚಿಣ್ಣಪ್ಪನವರ ಮೊಮ್ಮಕ್ಕಳಾದ ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ. ಈಗ ಇಂಗ್ಲಿಷ್ ಮಾತ್ರ ಬಲ್ಲ ಸಂಶೋಧಕರೂ ಅದನ್ನು ಓದಿ ಹೆಸರಿಸಬಹುದು, ಸೂಚಿಗಳೂ ಆ ಹೆಸರನ್ನು ಹಿಡಿಯಬಹುದು. ಹಾಗೆ ಬಂದ ಉಲ್ಲೇಖ 2003ರ ಆವೃತ್ತಿಯ ಲೆಕ್ಕಕ್ಕೆ ಜಮೆಯಾಗುತ್ತದೆ. 1924ರ ಮುದ್ರಣ ಬೇಕಾದವರು ಅದನ್ನು ಕೊಡವ ಭಾಷೆಯಲ್ಲೇ ಓದಬೇಕು, ಹಾಡು ಬೇಕಾದವರು ಪುತ್ತರಿಯ ಹೊತ್ತಿಗೆ ದುಡಿ ಹಿಡಿದವರ ಬಳಿ ಹೋಗಬೇಕು.